ಎಂಟರ ಕೂಸು

ಗೋಡೆಗೆ ಮುಖ ಮಾಡಿ, ಸೆರಗನ್ನು ತಲೆಯ ಮೇಲೆಳೆದುಕೊಂಡು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದ ರುದ್ರಾಣಿ ಪೂಜೆ ಮಾಡುತ್ತಿರಲಿಲ್ಲ. ಹೊಟ್ಟೆಯೊಳಗಿನದು ಒದೆಯುತ್ತದೋ ಇಲ್ಲವೋ ಎಂದು ಕಾಯುತ್ತಿದ್ದಳು. ಒದೆದರೆ ಇನ್ನೂ ಇದೆಯೆಂದು ಸಮಾಧಾನ. ಜೋರಾಗಿ ಒದೆದರೆ ಹೊರಗೆ ಬರುವ ಆತುರವೇನೋ ಎಂದು ಭಯ. ಸೋಸಲೆಯ ತವರುಮನೆಗೆ ಬಂದ ಮೇಲೆ ಈ ಎರಡು ಬಿಟ್ಟರೆ ಮೂರನೆಯ ಯೋಚನೆಯೇ ಅವಳ ತಲೆಗೆ ಬಂದಿರಲಿಲ್ಲ. ಬೆನ್ನ ಹಿಂದೆ ಅಡುಗೆಮನೆಯಲ್ಲಿ ಅವ್ವ ಶಿವನಂಜಮ್ಮ ಒಬ್ಬಟ್ಟಿನ ಬೇಳೆ ಬಸಿಯುತ್ತಿದ್ದಳು. ಇನ್ನು ಸ್ವಲ್ಪ ಹೊತ್ತಿಗೆ ಮಠದ ಅಯ್ನೋರು ಬರುತ್ತಾರೆ, ಹೊಟ್ಟೆಯಲ್ಲಿರುವ ಮಗುವಿಗೆ ಲಿಂಗ ಕಟ್ಟುತ್ತಾರೆ. ಎಂಟನೆಯ ತಿಂಗಳಲ್ಲಿ ಈ ಮನೆಯ ಬಸುರಿಯರಿಗೆಲ್ಲ ಆಗುತ್ತಾ ಬಂದ ಶಾಸ್ತ್ರ ಇದು. ಹುಟ್ಟುವ ಮೊದಲೇ ಮಗುವಿಗೆ ಅದರದ್ದೇ ಆದ ಲಿಂಗ. ಅಪ್ಪ ಪುಟ್ಟಬಸವಯ್ಯ ಬೆಳಗಿನಿಂದ ಜಗಲಿಗೂ ಬೀದಿಗೂ ತಿರುಗಾಡಿ, ತನಗೇ ಬಸುರಿ ಶಾಸ್ತ್ರವೇನೋ ಎಂಬಷ್ಟು ಗಡಿಬಿಡಿ ಮಾಡುತ್ತಿದ್ದ. ರುದ್ರಾಣಿಯ ಪೂಜೆಯ ಚೀಲದಲ್ಲಿ, ವಿಭೂತಿ ಗಟ್ಟಿಯ ಕೆಳಗೆ, ಮಾತ್ರೆಯ ಬಾಟಲಿ ಇತ್ತು. ಅದನ್ನು ಮುಟ್ಟದೆ ಎರಡು ವಾರದ ಮೇಲಾಗಿತ್ತು.

ಬಾಟಲಿಗೆ ಚೀಟಿ ಇರಲಿಲ್ಲ. ಮೈಸೂರಿನ ದೊಡ್ಡಾಸ್ಪತ್ರೆಯಿಂದ ತಂದ ದಿನವೇ ಗಂಡ ಮಲ್ಲಿಕಾರ್ಜುನ ಸೀಮೆಎಣ್ಣೆ ಒರೆಸಿ ಅದನ್ನು ಕಿತ್ತಿದ್ದ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಹತ್ತಿರ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವನದು. ಬಾಯಿಗಿಲ್ಲದ ತಾಳ್ಮೆ ಬೆರಳಿಗಿತ್ತು. ಉಗುರಿನಿಂದ ಕೆರೆದು ಕೆರೆದು, ಒಂದಿಷ್ಟೂ ಅಂಟು ಉಳಿಯದ ಹಾಗೆ ಮಾಡಿ, ಒಳಗೆ ಮಾತ್ರೆಗಳು ಗಲಗಲ ಅನ್ನದಿರಲೆಂದು ಹತ್ತಿ ತುರುಕಿ ಕೊಟ್ಟಿದ್ದ. ತಪ್ಪಾಯಿತು ಅಂತ ಅವನು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ಅವಳು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದಳು, ಕೂಗಾಡುತ್ತಿದ್ದಳು, ಅತ್ತೆಗೆ ಗೊತ್ತಾಗುತ್ತಿತ್ತು. ಅದು ಅವನಿಗೆ ತಿಳಿದಿದ್ದಿರಬೇಕು. ಬಸುರಿಯರಿಗೆಲ್ಲ ಮಾಡುವ ರಕ್ತ ಪರೀಕ್ಷೆಯಲ್ಲಿ ಮೊದಲು ಅವಳದು ಗೊತ್ತಾಗಿ, ಆಮೇಲೆ ಅವನದೂ ಗೊತ್ತಾಗಿ, ಇಬ್ಬರೂ ಬಸ್ಸಿನ ಒಂದೇ ಸೀಟಿನ ಎರಡು ತುದಿಯಲ್ಲಿ ಕೂತು ವಾಪಸಾಗುವಾಗ, ಕಪಿಲೆಯ ಸೇತುವೆ ಮೇಲೆ ಅವನು ಕಿಟಕಿಯಾಚೆ ನೋಡುತ್ತಾ ಹೇಳಿದ್ದು ಇಷ್ಟೇ: “ಇದು ನಮ್ಮಿಬ್ರಲ್ಲೇ ಇರ್ಲಿ ರುದ್ರು. ನಿಮ್ಮವ್ವನ್ಗೂ ಬ್ಯಾಡ.” ಎಲ್ಲಿಂದ ಬಂತು, ಯಾವಾಗ, ಯಾರು ಎಂದು ಅವಳು ಕೇಳಲಿಲ್ಲ. ಕೇಳಿದರೆ ಅವನು ಹೇಳಿಬಿಟ್ಟಾನು ಎಂಬ ಹೆದರಿಕೆ. ಆ ರಾತ್ರಿಯಿಂದ ಅವನು ಅವಳ ಕಾಲು ಒತ್ತಲು ಶುರು ಮಾಡಿದ. ಬೇಡ ಅಂದರೂ ಬಿಡಲಿಲ್ಲ. ಅವನ ಕೈ ತಗಲಿದರೆ ಹೇಸಿಗೆಯೂ ಆಗುತ್ತಿತ್ತು, ಅದು ನಿಂತರೆ ನಿದ್ದೆಯೂ ಬರುತ್ತಿರಲಿಲ್ಲ.

ಮಾತ್ರೆ ನುಂಗಲು ಆ ಮನೆಯಲ್ಲಿ ಮರೆ ಇದ್ದದ್ದು ಪೂಜೆಯ ಹೊತ್ತಿನಲ್ಲಿ ಮಾತ್ರ. ಲಿಂಗ ಕೈಯಲ್ಲಿದ್ದಾಗ ಯಾರೂ ಮಾತಾಡಿಸುವುದಿಲ್ಲ, ಹತ್ತಿರ ಬರುವುದಿಲ್ಲ. ಹಾಗಾಗಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ತೀರ್ಥದ ಜೊತೆಗೇ ಮಾತ್ರೆಯೂ ಇಳಿಯುತ್ತಿತ್ತು. ಬಾಯಿಗೆ ಹೋಗುವುದೆಲ್ಲ ಮೊದಲು ಲಿಂಗಕ್ಕೆ ತೋರಿಸಿ ಹೋಗಬೇಕೆಂದು ಚಿಕ್ಕಂದಿನಿಂದ ಕಲಿತ ಕೈ ಮಾತ್ರೆಯನ್ನೂ ಹಾಗೇ ಒಂದು ಕ್ಷಣ ಲಿಂಗದ ಮುಂದೆ ಹಿಡಿಯುತ್ತಿತ್ತು. ಅತ್ತೆ ಪುಟ್ಟಗೌರಮ್ಮ ಅಕ್ಕಪಕ್ಕದವರ ಮುಂದೆ, “ಎರಡೊತ್ತೂ ಪೂಜೆ ತಪ್ಸಲ್ಲ ಕಣ್ರೀ ನಮ್ ಸೊಸೆ, ಗಡಿಯಾರ ಇಟ್ಟಂಗೆ,” ಎಂದು ಹೊಗಳಿ ಹೊಗಳಿ ದಣಿಯುತ್ತಿರಲಿಲ್ಲ. ಆ ಹೊಗಳಿಕೆ ಕೇಳುತ್ತಾ ರುದ್ರಾಣಿ ಪಾತ್ರೆ ತೊಳೆಯುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಅನ್ನಿಸುತ್ತಿತ್ತು.

ಮತ್ತೆ ನೆನಪಾಗುತ್ತಿದ್ದುದು ಮಾತ್ರೆ ಕೊಟ್ಟ ದಿನ, ಮೈಸೂರಿನ ಆಸ್ಪತ್ರೆಯ ಬೆಂಚಿನ ಮೇಲೆ, ಎದುರಿಗೆ ನಂಜನಗೂಡಿನ ತನ್ನ ಬೀದಿಯವಳೇ ಒಬ್ಬಳು ಕೂತಿದ್ದು, ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿ, ಇಬ್ಬರೂ ಗುರುತಿಲ್ಲದವರಂತೆ ಸೆರಗು ಸರಿಮಾಡಿಕೊಂಡಿದ್ದು. ಅಷ್ಟರಲ್ಲಿ ಒಳಗಿನಿಂದ ಇವಳ ಹೆಸರನ್ನು ಗಂಡನ ಹೆಸರು ಸೇರಿಸಿ ಗಟ್ಟಿಯಾಗಿ ಕೂಗಿದ್ದು. ಶಾಲಿನಿ ಮೇಡಂ ಒಳ್ಳೆಯವಳೇ, ರೋಗಿಗಳಿಗೆ ತಿಳಿಹೇಳುವುದೇ ಅವಳ ಕೆಲಸ. “ನೋಡಿ ರುದ್ರಾಣಿಯವರೇ, ಈ ಮಾತ್ರೆ ತಗೊಳ್ಳೋರಲ್ಲಿ ಕೆಲವರಿಗೆ ಹೆರಿಗೆ ಸ್ವಲ್ಪ ಬೇಗ ಆಗೋದುಂಟು. ಎಲ್ಲರಿಗೂ ಅಲ್ಲ. ಅದಕ್ಕೆ ಹೆದರಿಕೊಂಡು ಬಿಟ್ಟುಬಿಡಬೇಡಿ. ಬಿಟ್ರೆ ಮಗುವಿಗೆ ತಗಲೋ ಸಾಧ್ಯತೆ ಜಾಸ್ತಿ ಆಗುತ್ತೆ. ಹೊಟ್ಟೆನೋವು ಬಂದಾಗ ಯಾವ ಆಸ್ಪತ್ರೆಗೆ ಹೋದ್ರೂ ಮೊದಲು ಈ ವಿಷಯ ಹೇಳಿ. ಹುಟ್ಟಿದ ಮಗುವಿಗೆ ಒಂದು ಔಷಧಿ ಹಾಕಬೇಕು.” ಇಷ್ಟನ್ನೂ ಅವಳು ಹೇಳಿದ್ದಳು. ರುದ್ರಾಣಿ ತಲೆಯಾಡಿಸಿದ್ದಳು. ಆದರೆ ಬಾಗಿಲಿನಿಂದಾಚೆ ಬರುವಷ್ಟರಲ್ಲಿ ಅವಳ ಜೊತೆ ಉಳಿದದ್ದು ಮೊದಲ ಮಾತು ಮಾತ್ರ. ಬೇಗ ಆಗೋದುಂಟು. ಬೇಗ ಎಂದರೆ ಯಾವಾಗ ಎಂದು ಕೇಳಬೇಕಿತ್ತು. ವಾಪಸು ಹೋಗಿ ಕೇಳೋಣವೆಂದರೆ ಬೆಂಚಿನ ಮೇಲೆ ಆ ಬೀದಿಯವಳು ಇನ್ನೂ ಕೂತಿದ್ದಳು.

ಆ ಮಾತು ಅಷ್ಟಕ್ಕೇ ಸುಮ್ಮನಿರುತ್ತಿತ್ತೇನೋ, ಅವ್ವ ಇಲ್ಲದಿದ್ದರೆ. ಸೀಮಂತ ಮುಗಿಸಿ, ಹಸಿರು ಬಳೆ ತೊಡಿಸಿ, ಮಗಳನ್ನು ಸೋಸಲೆಗೆ ಕರೆತಂದ ದಿನ ಸಂಜೆ, ತಲೆಗೆ ಹರಳೆಣ್ಣೆ ತಟ್ಟುತ್ತಾ ಅವ್ವ ತನ್ನ ಹಳೆಯ ಕತೆ ತೆಗೆದಿದ್ದಳು. “ನಿನ್ ಮುಂದ್ಲೋನು ಎಂಟ್ರಲ್ಲಿ ಬಂದ ಕಣ್ಮಗ. ಎಡತಲೆ ಊರ್ನಲ್ಲಿ, ನಮ್ಮವ್ವನ್ ಮನೇಲಿ. ಕಣ್ಬುಟ್ಟು ನನ್ನೇ ನೋಡ್ದ. ಸಂಜೆಗಂಟ ಇದ್ದ. ಲಿಂಗ ಕಟ್ಟಿ ನಾಕು ದಿನ ಆಗಿತ್ತು, ಅದ್ರ ಸಮೇತ ಮಣ್ಮಾಡುದ್ರು. ಏಳ್ರದ್ದು ಉಳುದ್ರೂ ಉಳ್ಕತದೆ, ಎಂಟ್ರುದ್ದು ಉಳಿಯಾಕಿಲ್ಲ. ಒಂಬತ್ತಕ್ಕೆ ಬೀಳಗಂಟ ನೀನು ಬಿಂದ್ಗೆ ಎತ್ಬ್ಯಾಡ, ಮೆಟ್ಲು ಅತ್ಬ್ಯಾಡ.” ಈ ಕತೆಯನ್ನು ರುದ್ರಾಣಿ ಹತ್ತಾರು ಸಲ ಕೇಳಿದ್ದಳು; ಆಗೆಲ್ಲ ಸತ್ತದ್ದು ಅಣ್ಣ. ಈ ಸಲ ಕೇಳುವಾಗ ಸತ್ತದ್ದು ಬೇರೆಯದಾಗಿತ್ತು. ಎಣ್ಣೆ ಕಿವಿಯ ಹಿಂದೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಕೂತು ಅವಳು ಲೆಕ್ಕ ಹಾಕಿದಳು. ಕಾಯಿಲೆ ಬಂದರೂ ಮಗು ಇರುತ್ತದೆ. ಎಂಟರಲ್ಲಿ ಬಂದರೆ ಮಗುವೇ ಇರುವುದಿಲ್ಲ. ಒಂಬತ್ತಕ್ಕೆ ಬಿದ್ದ ದಿನ ಮತ್ತೆ ಶುರು ಮಾಡಿದರಾಯಿತು. ಎಷ್ಟು ಸರಿಯಾದ ಲೆಕ್ಕ ಅನ್ನಿಸಿತ್ತೆಂದರೆ, ಆ ರಾತ್ರಿ ತಿಂಗಳುಗಳಾದ ಮೇಲೆ ಮೊದಲ ಸಲ ಅವಳು ಕಣ್ತುಂಬ ನಿದ್ದೆ ಮಾಡಿದ್ದಳು. ಮರುದಿನದಿಂದ ಪೂಜೆಯೊಂದೇ ಉಳಿಯಿತು, ಒಳಗೇನೂ ಇಲ್ಲದ ಪೂಜೆ.

ಅಯ್ನೋರು ಬಂದರು. ಅಪ್ಪ ಪಾದ ತೊಳೆದ. ತಂಗಿ ಬಿಂದುಶ್ರೀ ಹೊಸ ಲಂಗ ದಾವಣಿಯಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ಬರುವ ವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಊಟಕ್ಕೆಂದು ಕರೆದಿದ್ದ ಪಕ್ಕದ ಮನೆಯ ಸಿದ್ದರಾಜು ತನ್ನ ಮಾರುತಿ ವ್ಯಾನನ್ನು ಬಾಗಿಲಿಗೇ ತಂದು ನಿಲ್ಲಿಸಿದ್ದ. ಮಣೆಯ ಮೇಲೆ ಕೂತ ರುದ್ರಾಣಿಗೆ ಬೆಳಗಿನಿಂದ ಇದ್ದ ಸೊಂಟದ ಹಿಡಿತ ಸ್ವಲ್ಪ ಮುಂದಕ್ಕೆ ಬಂದಂತಾಯಿತು. ಕೂತು ಕೂತು ಹೀಗೆ ಎಂದುಕೊಂಡಳು. ಅಯ್ನೋರು ಪುಟ್ಟ ಲಿಂಗಕ್ಕೆ ವಿಭೂತಿ ಹಚ್ಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರ ಪೋಣಿಸಿ ಅವ್ವನ ಕೈಗೆ ಕೊಟ್ಟರು. ಅವ್ವ ಅದನ್ನು ಹೊಟ್ಟೆಯ ಮೇಲ್ಭಾಗಕ್ಕೆ ಬರುವಂತೆ ಕಟ್ಟುವಾಗ ಒಂದು ಗಂಟಿನ ಮೇಲೆ ಇನ್ನೊಂದು ಗಂಟು ಬಿಗಿದಳು. ಎಡತಲೆಯಲ್ಲಿ ಮಣ್ಣಾದ ಆ ಇನ್ನೊಂದು ದಾರವನ್ನು ಅವಳು ನೆನೆಯುತ್ತಿದ್ದಾಳೆ ಎಂದು ರುದ್ರಾಣಿಗೆ ಗೊತ್ತಾಯಿತು. “ಇನ್ಮೇಲೆ ನೀನೊಬ್ಳೇ ಅಲ್ಲ ತಾಯಿ,” ಎಂದರು ಅಯ್ನೋರು, “ಇಬ್ರು. ಈ ಮಗೀಗೂ ಅಷ್ಟೇ, ಹುಟ್ಟಿದ ಮೇಲೆ ಬಾಯಿಗೆ ಏನೇ ಹಾಕೋದಿದ್ರೂ ಮೊದ್ಲು ಇದಕ್ಕೆ ತೋರ್ಸಿ ಹಾಕ್ಬೇಕು.” ಇಬ್ಬರು ಎಂಬ ಮಾತು ಅವಳಿಗೆ ಸರಿಯಾಗಿ ನಾಟಿತು. ಮಾತ್ರೆ ನುಂಗುತ್ತಿದ್ದುದೂ ಇಬ್ಬರಿಗಾಗಿ. ಬಿಟ್ಟಾಗ ಮಾತ್ರ ಒಬ್ಬಳೇ ಬಿಟ್ಟಿದ್ದಳು, ಇನ್ನೊಬ್ಬರನ್ನು ಕೇಳದೆ.

ಎಲೆಯ ಮುಂದೆ ಕೂತು ಒಬ್ಬಟ್ಟಿನ ತುದಿ ಮುರಿಯುವಾಗ ನೋವು ಮತ್ತೆ ಬಂತು. ಹೋಯಿತು. ಬಂತು. ಅವಳು ಎಲ್ಲರ ಮುಖ ನೋಡಿದಳು. ಸಿದ್ದರಾಜು ತುಪ್ಪ ಸಾಕೆಂದು ಕೈ ಅಡ್ಡ ಹಿಡಿದು ಹಾಕಿಸಿಕೊಳ್ಳುತ್ತಿದ್ದ, ಅಪ್ಪ ಅದಕ್ಕೆ ನಗುತ್ತಿದ್ದ. ಇದು ಅದಲ್ಲ ಎಂದು ಅವಳು ತನಗೇ ಹೇಳಿಕೊಂಡಳು. ಎದ್ದು, ಪೂಜೆಯ ಚೀಲ ತೆಗೆದುಕೊಂಡು ಬಚ್ಚಲಿಗೆ ಹೋದಳು. ಬಾಗಿಲ ಚಿಲಕ ಹಾಕುವಾಗಲೇ ಕಾಲಿನ ಮೇಲೆ ಬೆಚ್ಚಗೆ ನೀರು ಇಳಿಯಿತು. ಅವಳು ಬಾಟಲಿಯ ಹತ್ತಿ ಕಿತ್ತು ಒಂದು ಮಾತ್ರೆ, ಅದರ ಹಿಂದೆ ಇನ್ನೊಂದು, ನೀರಿಲ್ಲದೆ ನುಂಗಿದಳು. ಲಿಂಗಕ್ಕೆ ತೋರಿಸುವುದು ನೆನಪಾಗಲಿಲ್ಲ. ಎರಡು ವಾರದ್ದನ್ನು ಒಂದೇ ಗುಟುಕಿಗೆ ತುಂಬಿಸಲು ಹೊರಟಿದ್ದೇನೆ ಎಂದು ಅವಳಿಗೇ ತಿಳಿದು ನಾಚಿಕೆಯಾಯಿತು. ಮಾತ್ರೆ ಗಂಟಲಲ್ಲಿ ಅಡ್ಡ ನಿಂತು ಕಹಿ ಬಿಟ್ಟಿತು. ಬಿಟ್ಟದ್ದೂ ವ್ಯರ್ಥ, ಈಗ ನುಂಗಿದ್ದೂ ವ್ಯರ್ಥ. ಬೇಡ ಬೇಡವೆಂದ ತಿಂಗಳಲ್ಲೇ ಅದು ಹೊರಟು ನಿಂತಿದೆ. ಹೊರಗಿನಿಂದ ಅವ್ವ ಬಾಗಿಲು ಬಡಿದಳು. “ಯಾಕ್ಮಗಾ, ಊಟದ್ ಮಧ್ಯ ಎದ್ದೋದೆ?” ಇವಳು ಬಾಗಿಲು ತೆಗೆದಳು. ಅವ್ವ ನೆಲ ನೋಡಿದಳು. ಆಮೇಲೆ ಬಾಯಿ ಮೇಲೆ ಸೆರಗಿಟ್ಟುಕೊಂಡಳು.

ವ್ಯಾನಿನಲ್ಲಿ ಅವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಏನಾಗಕ್ಕಿಲ್ಲ, ಏನಾಗಕ್ಕಿಲ್ಲ,” ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಅಳುತ್ತಿದ್ದಳು. ಮುಂದಿನ ಸೀಟಿನಿಂದ ಅಪ್ಪ ಮಲ್ಲಿಕಾರ್ಜುನನ ಮೊಬೈಲಿಗೆ ಮಾಡಿ ಮಾಡಿ, ಸಿಗದೆ, ಕೊನೆಗೆ ಸಿಕ್ಕಾಗ ಜೋರಾಗಿ ಕೂಗಿ ಹೇಳಿದ. ಆ ಕಡೆಯಿಂದ ಅವನು ಏನೋ ಕೇಳಿರಬೇಕು. “ನರಸೀಪುರದ್ ಆಸ್ಪತ್ರೆಗೇ ಕಣಪ್ಪ, ಇನ್ನೆಲ್ಲಿಗೆ?” ಎಂದ ಅಪ್ಪ. ಯಾಕೆ ಕೇಳಿದ ಎಂದು ರುದ್ರಾಣಿಗೆ ಗೊತ್ತಿತ್ತು. ಹೆಂಡತಿ ಬದುಕುತ್ತಾಳೋ ಎಂದಲ್ಲ, ಹೇಳಿಬಿಡುತ್ತಾಳೋ ಎಂದು. ಅಥವಾ ಅವನು ಹಾಗೆ ಅಂದುಕೊಂಡಿರಲಿಕ್ಕಿಲ್ಲ, ತನ್ನ ಮನಸ್ಸೇ ಹುಳಿಯಾಗಿದೆ. ಹೊಳೆಯ ಗಾಳಿ ಒಳಗೆ ಬಂತು. ಗಂಡನ ಊರಿನ ಕಪಿಲೆ ಅಷ್ಟು ದೂರದಿಂದ ಹರಿದು ಬಂದು ಕಾವೇರಿಗೆ ಸೇರುವುದು ಇಲ್ಲೇ. ಮದುವೆಯಾದ ಹೊಸತರಲ್ಲಿ ಮಲ್ಲಿಕಾರ್ಜುನ ಅದನ್ನು ಹೇಳಿ ಚುಡಾಯಿಸಿದ್ದ, ನಿನ್ನ ಹಿಂದೆಯೇ ನಮ್ಮೂರ ನೀರೂ ಬರುತ್ತದೆ ಎಂದು. ಆಗ ಅವಳು ನಕ್ಕಿದ್ದಳು. ಅವನ ಜೊತೆ ಅಷ್ಟು ನಕ್ಕದ್ದೇ ಈಗ ಒಂದು ಅವಮಾನದಂತೆ ಕಾಣುತ್ತಿತ್ತು.

ಹೆರಿಗೆ ಕೋಣೆಯಲ್ಲಿ ಸಿಸ್ಟರ್ ಮಂಚದ ಮೇಲೆ ಮಲಗಿಸಿ, ಹೊಟ್ಟೆ ಮುಟ್ಟಿ ನೋಡಿ, “ದಾರ ಗೀರ ಎಲ್ಲಾ ಬಿಚ್ಚಿ ಅಮ್ಮ,” ಎಂದಳು. ಬೆಳಿಗ್ಗೆಯಷ್ಟೇ ಕಟ್ಟಿದ ಗಂಟನ್ನು ಅವ್ವ ಹಲ್ಲಿನಿಂದ ಕಚ್ಚಿ ಬಿಚ್ಚಿ, ಮಗುವಿನ ಲಿಂಗವನ್ನು ಎಡಮುಷ್ಟಿಯಲ್ಲಿ ಹಿಡಿದುಕೊಂಡಳು; ಬಲಗೈ ಮಗಳ ಹಣೆಯ ಮೇಲಿತ್ತು. “ಎಲ್ಲಿ ತೋರಿಸ್ತಿದ್ರಿ? ರಕ್ತ ಪರೀಕ್ಷೆ ಎಲ್ಲಾ ಆಗಿದೆಯಾ?” ಸಿಸ್ಟರ್ ಕೇಳಿದ್ದು ರುದ್ರಾಣಿಯನ್ನು. ಉತ್ತರ ಕೊಟ್ಟದ್ದು ಅವ್ವ. “ಎಲ್ಲಾ ಆಗ್ಯದೆ ಕಣವ್ವ. ನಮ್ಮಳಿಮಯ್ಯ ಮೈಸೂರ್ಗೇ ಕರ್ಕೊಂಡೋಗಿ ತೋರ್ಸವ್ರೆ. ಬಂಗಾರದಂತ ಮನ್ಸ. ಏನೂ ತೊಂದ್ರೆ ಇಲ್ವಂತೆ.” ಸಿಸ್ಟರ್ ತಲೆಯಾಡಿಸಿ ಬೇರೆ ಕಡೆ ತಿರುಗಿದಳು. ಮುಗಿಯಿತು, ಎಷ್ಟು ಸುಲಭ. ಇನ್ನು ಸುಮ್ಮನಿದ್ದರೆ ಸಾಕು. ಅಪ್ಪ ತಲೆಯೆತ್ತಿ ಊರಿಗೆ ವಾಪಸು ಹೋಗುತ್ತಾನೆ, ಬಿಂದುಶ್ರೀಯನ್ನು ನೋಡಲು ಬರುವವರು ಬರುತ್ತಾರೆ, ಅವ್ವನ ಅಳಿಮಯ್ಯ ಬಂಗಾರದ ಮನುಷ್ಯನಾಗಿಯೇ ಇರುತ್ತಾನೆ. ಮಗುವಿಗೆ ಹಾಕಬೇಕಾದ ಔಷಧಿಯನ್ನು ಮಾತ್ರ ಯಾರೂ ಹಾಕುವುದಿಲ್ಲ. ಎಂಟರದು ಹೇಗೂ ಉಳಿಯುವುದಿಲ್ಲವಲ್ಲ, ಔಷಧಿ ಯಾಕೆ ಎಂದಿತು ಒಳಗಿನ ಒಂದು ದನಿ. ಅದು ತನ್ನದೇ ದನಿ ಎಂದು ಗೊತ್ತಾದಾಗ ಅವಳಿಗೆ ನೋವಿಗಿಂತ ಹೆಚ್ಚು ಭಯವಾಯಿತು.

“ಅವ್ವ, ನೀನು ವಸಿ ಆಚೆ ಓಗು.”

“ನಾನ್ಯಾಕ್ ಓಗ್ಲಿ? ನಿನ್ನ ಎತ್ತೋಳು ನಾನು.”

“ಓಗವ್ವ.”

“ಸುಮ್ಕಿರು ಮಗಾ. ಇಲ್ಲೇ ಇರ್ತೀನಿ.”

ಮತ್ತೊಂದು ನೋವು ಬಂದು ಅವಳ ಮೈಯನ್ನು ಹಿಂಡಿ ಹೋಯಿತು. ಸಿಸ್ಟರ್ ವಾಪಸು ಬರುವಾಗ ಕೈಯಲ್ಲಿ ಗ್ಲೌಸು ಇನ್ನೂ ಹಾಕಿಕೊಂಡಿರಲಿಲ್ಲ. ಬರಿಗೈ, ಒಂದು ಬೆರಳಿಗೆ ಹಳೆಯ ಉಂಗುರ. ಆ ಉಂಗುರ ನೋಡುತ್ತಾ ರುದ್ರಾಣಿ ಹೇಳಿದಳು. “ಸಿಸ್ಟರ್, ನಂಗೆ ಆ ಕಾಯಿಲೆ ಅದೆ. ಎಚ್ಐವಿ. ಮೈಸೂರಲ್ಲಿ ಮಾತ್ರೆ ಕೊಟ್ಟಿದ್ರು. ತವರಿಗೆ ಬಂದ್ಮೇಲೆ ಬುಟ್ಬುಟ್ಟೆ. ಮಗೀಗೆ ಔಷಧಿ ಆಕ್ಬೇಕಂತೆ.” ಇಷ್ಟು ತಿಂಗಳು ಹೊತ್ತದ್ದು ಇಷ್ಟು ಸಣ್ಣದಾಗಿತ್ತೇ ಎಂದು ಅವಳಿಗೇ ಆಶ್ಚರ್ಯವಾಯಿತು. ಅವ್ವನ ಕೈ ಹಣೆಯ ಮೇಲಿತ್ತು. ಅದು ತಕ್ಷಣ ಹೋಗಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ಇದ್ದು, ಭಾರ ಕಡಿಮೆಯಾಗುತ್ತಾ ಬಂದು, ಆಮೇಲೆ ಇರಲಿಲ್ಲ. ಸಿಸ್ಟರ್, “ಹೇಳಿದ್ದು ಒಳ್ಳೇದಾಯ್ತು,” ಎಂದಷ್ಟೇ ಹೇಳಿ ಡಾಕ್ಟರಮ್ಮನನ್ನು ಕರೆಯಲು ಹೋದಳು. ಅವ್ವ ಬಾಗಿಲ ಕಡೆ ನಡೆದಳು. ಬೆನ್ನು ಮಾತ್ರ ಕಂಡಿತು, ಆಮೇಲೆ ಎಡಮುಷ್ಟಿ. ಅದನ್ನು ಎದೆಗೆ ಒತ್ತಿ ಹಿಡಿದಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಅಳು ಬರಲು ತಡವಾಯಿತು, ಬಂದಾಗ ಅದು ಅಳುವಿನ ಹಾಗಿರಲಿಲ್ಲ. ಎಲ್ಲೋ ಬೇರೆ ಕೋಣೆಯಲ್ಲಿ ಬಾಗಿಲು ಕಿರುಗುಟ್ಟಿದ ಹಾಗಿತ್ತು. ಒಂದು ಬೊಗಸೆಗೆ ಸ್ವಲ್ಪ ಹೆಚ್ಚು. ಚರ್ಮದ ಕೆಳಗೆ ನರಗಳು ಕಾಣುತ್ತಿದ್ದವು. ಡಾಕ್ಟರಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿಸಿ, ಬಿಸಿ ಕೊಡುವ ದೀಪದ ಕೆಳಗಿಟ್ಟು, ಉಸಿರು ನೋಡಿ, ಮೈಸೂರಿಗೆ ಈಗಲೇ ಕಳಿಸಬೇಕು, ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು, ತಾಯಿಯನ್ನು ಬೆಳಿಗ್ಗೆ ಕಳಿಸೋಣ ಎಂದರು. ರುದ್ರಾಣಿ ಕೇಳಿದಳು, “ಮಾತ್ರೆ ತಗೊಂಡಿದ್ದಕ್ಕೆ ಬೇಗ ಆಯ್ತಾ ಮೇಡಂ? ಬುಟ್ಟಿದ್ದಕ್ಕಾ?” ಅವರು ಕೈ ತೊಳೆಯುತ್ತಿದ್ದವರು ತಿರುಗಿ ನೋಡಿದರು. “ಅದರಿಂದ ಅಂತಲೂ ಹೇಳೋಕಾಗಲ್ಲಮ್ಮ, ಇದರಿಂದ ಅಂತಲೂ ಹೇಳೋಕಾಗಲ್ಲ. ನೂರು ಕಾರಣ ಇರುತ್ತೆ.” ಮಗುವಿಗೆ ಬಂದಿದೆಯೇ ಎಂದು ಕೇಳಿದ್ದಕ್ಕೆ, ಅದು ಖಚಿತವಾಗುವುದಕ್ಕೆ ಒಂದೂವರೆ ವರ್ಷ ಬೇಕು ಎಂದರು. ಒಂದೂವರೆ ವರ್ಷ. ಇಂದಿನ ರಾತ್ರಿ ದಾಟುತ್ತದೆಯೋ ಇಲ್ಲವೋ ಎಂಬುದಕ್ಕೆ ಅವರು ಏನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಬಿಟ್ಟದ್ದರಿಂದಲೋ ತೆಗೆದುಕೊಂಡದ್ದರಿಂದಲೋ ಎಂದು ಯಾರಾದರೂ ಒಂದು ಹೇಳಿದ್ದರೆ ಅದನ್ನೇ ಕಟ್ಟಿಕೊಂಡು ಅಳಬಹುದಿತ್ತು. ಈಗ ಎರಡನ್ನೂ ಹೊರಬೇಕು.

ಅವ್ವ ಒಳಗೆ ಬಂದಳು. ಮಂಚದ ಕಡೆ ನೋಡಲಿಲ್ಲ. ನೇರ ದೀಪದ ಹತ್ತಿರ ಹೋಗಿ ನಿಂತಳು. ಸಿಸ್ಟರ್ ಸೂಜಿಯಿಲ್ಲದ ಸಣ್ಣ ಸಿರಿಂಜಿನಲ್ಲಿ ಔಷಧಿ ಎಳೆದುಕೊಂಡು ಮಗುವಿನ ಬಾಯಿಗೆ ಹಿಡಿಯಲು ಹೊರಟಾಗ ಅವ್ವ ಕೈ ಅಡ್ಡ ತಂದಳು. ರುದ್ರಾಣಿ ಮೊಣಕೈ ಊರಿ ಏಳಲು ನೋಡಿದಳು. ಹುಟ್ಟಿದ ಕೂಸಿನ ಬಾಯಿಗೆ ಮೊದಲು ತೀರ್ಥ ಬೀಳಬೇಕು, ಬೇರೆ ಏನೂ ಬೀಳಬಾರದೆಂದು ಹಟ ಹಿಡಿದು ಅವಳು ಎಷ್ಟೋ ಮನೆಗಳಲ್ಲಿ ಜಗಳವಾಡಿದವಳು. “ವಸಿ ತಡಿಯವ್ವ,” ಎಂದಳು ಅವ್ವ. ಎಡಮುಷ್ಟಿ ಬಿಚ್ಚಿದಳು. ಇಷ್ಟು ಹೊತ್ತು ಹಿಡಿದಿದ್ದ ಬಟ್ಟೆ ಬೆವರಿನಲ್ಲಿ ಒದ್ದೆಯಾಗಿ, ವಿಭೂತಿ ಅಂಗೈಗೆಲ್ಲ ಮೆತ್ತಿಕೊಂಡಿತ್ತು. “ಮೊದ್ಲು ಇದಕ್ಕೆ ತೋರ್ಸು.” ಸಿಸ್ಟರಿಗೆ ಅರ್ಥವಾಯಿತೋ ಇಲ್ಲವೋ, ಸಿರಿಂಜನ್ನು ಆ ಅಂಗೈಯ ಹತ್ತಿರ ಒಂದು ಗಳಿಗೆ ಹಿಡಿದಳು. “ಈಗ ಆಕು,” ಎಂದಳು ಅವ್ವ. ಮಗು ಬಾಯಿ ಚಪ್ಪರಿಸಿತು. ತುಟಿಯಂಚಿನಲ್ಲಿ ಉಳಿದ ಹನಿಯನ್ನು ಅವ್ವ ಬೆರಳಿನಿಂದ ಒಳಕ್ಕೆ ತಳ್ಳಿದಳು.

“ಮಾತ್ರೆ ಯಾಕ್ ಬುಟ್ಟೆ?” ಬೆನ್ನು ಹಾಕಿಯೇ ಕೇಳಿದಳು.

“ಮಾತ್ರೆಗೆ ಬೇಗ ಆಗ್ಬುಡ್ತದೆ ಅಂದಿದ್ರು ಅವ್ವ. ಎಂಟ್ರುದ್ದು ಉಳಿಯಾಕಿಲ್ಲ ಅಂತ ನೀನು...”

ಹೇಳಿದಷ್ಟನ್ನೂ ಹೇಳಬಾರದಿತ್ತು. ಅವ್ವನ ಭುಜ ಒಂದು ಸಲ ಕುಸಿದು ಮೇಲಕ್ಕೆ ಬಂತು. ಈಗ ತಿರುಗುತ್ತಾಳೆ, ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಎಂದು ರುದ್ರಾಣಿ ಕಾದಳು. ಹೊಡೆಯಲಿ ಎಂದೇ ಕಾದಳು, ಆ ಕೈ ಮೈಗೆ ತಗಲಿದರೆ ಸಾಕಿತ್ತು. ಅವ್ವ ತಿರುಗಲಿಲ್ಲ. ಮಗುವಿನ ಬಟ್ಟೆಯೊಳಗೆ ಲಿಂಗವನ್ನು ಸೇರಿಸಿ, ದಾರದ ಗಂಟು ಹಾಕಿ, ತನ್ನ ರವಿಕೆಯ ಗುಂಡಿ ಎರಡು ಬಿಚ್ಚಿ, ಕೂಸನ್ನು ಎದೆಯ ಬಿಸಿಗೆ ಒತ್ತಿಕೊಂಡು ಮೇಲೆ ಸೆರಗು ಸುತ್ತಿದಳು. ಸಿದ್ದರಾಜು ಬಾಗಿಲಿಗೆ ಬಂದು, ವ್ಯಾನ್ ಸ್ಟಾರ್ಟ್ ಮಾಡಿಯೇ ಇದ್ದೇನೆ, ಅಳಿಮಯ್ಯ ಸೀದಾ ಮೈಸೂರಿಗೇ ಬರುತ್ತಾರಂತೆ ಎಂದ. ಪಕ್ಕದ ಮಂಚದಲ್ಲಿ ಅದೇ ದಿನ ಹೆತ್ತಿದ್ದ ಹೆಂಗಸಿನ ತಾಯಿ ಕತ್ತು ಚಾಚಿ ಸೆರಗಿನೊಳಗೆ ಇಣುಕಿ, ಲೊಚಗುಟ್ಟಿದಳು. “ಅಯ್ಯೋ, ಇದೇನವ್ವ ಇಷ್ಟೇ ಅದೆ. ಎಷ್ಟ್ರುದ್ದು ಕೂಸು?”

ಮಧ್ಯಾಹ್ನ ಎಂಟರ ಶಾಸ್ತ್ರದ ಊಟ ಉಂಡಿದ್ದ ಸಿದ್ದರಾಜು ಅಲ್ಲೇ ನಿಂತಿದ್ದ. ಅವ್ವ ಅವನ ಮುಖವನ್ನೇ ನೋಡುತ್ತಾ, ಇಡೀ ವಾರ್ಡಿಗೆ ಕೇಳುವಂತೆ ಹೇಳಿದಳು. “ಒಂಬತ್ತು ತುಂಬ್ತು ಕಣವ್ವ. ಆಳು ವಸಿ ಸಣ್ಣ, ಅಷ್ಟೇಯ.”

ಸಿದ್ದರಾಜು ನೆಲ ನೋಡಿದ. ಅವ್ವ ಹೊಸಿಲು ದಾಟಿದಳು. ಬಾಗಿಲಾಚೆ ಮತ್ತಾರೋ ಅದನ್ನೇ ಕೇಳಿದ್ದು ರುದ್ರಾಣಿಗೆ ಕೇಳಿಸಿತು. ಅವ್ವ ಅವರಿಗೂ ಒಂಬತ್ತು ಎಂದೇ ಹೇಳಿದಳು.